ಹೆಜ್ಜೇನು ಬಲ್ಲ ಅಂಗಿ

ಸಂಕ್ರಾಂತಿಯ ಮರುದಿನ ದರ್ಜಿ ಏಕನಾಥ ನನ್ನ ಗಿರಣಿಗೆ ಬಂದಾಗ ಅವನ ಕೈಯಲ್ಲಿ ಜೋಳದ ಡಬ್ಬಿ ಇರಲಿಲ್ಲ. ನನ್ನ ಮಗಳ ಶಾಲೆಯ ಅಂಗಿ ಇತ್ತು. ಗಿರಣಿ ಓಡುತ್ತಿದ್ದುದರಿಂದ ಅವನ ಮಾತು ಕೇಳಿಸಲಿಲ್ಲ. ಅಂಗಿಯನ್ನು ತಿರುವಿ ಒಳಗಿನ ಹೊಲಿಗೆಯನ್ನು ನನ್ನ ಕಣ್ಣಿನ ಮುಂದೆ ಹಿಡಿದ. ನಾನು ಮೋಟಾರು ನಿಲ್ಲಿಸಿದೆ.

“ಮೂರನೇ ಸಲ ಬಿಚ್ಚೀನಿ, ಗುರುಪಾದಣ್ಣ,” ಎಂದ. “ದಸರಾಕ್ಕ ಒಮ್ಮೆ, ಛಟ್ಟಿ ಅಮಾಸಿಗೆ ಒಮ್ಮೆ, ಈಗೊಮ್ಮೆ. ಇನ್ನ ಬಿಚ್ಚಾಕ ಒಳಗ ಬಟ್ಟಿನ ಉಳಿದಿಲ್ಲ. ಅಪ್ಪಗ ಹೇಳಬ್ಯಾಡ ಅಂದಿದ್ಲು ಕಸ್ತೂರಿ. ನಾಳೆ ಅಂಗಿ ಹರಿದು ನಿಂತ ಮ್ಯಾಲ ನೀ ನನ್ನ ಕೇಳ್ತಿ. ಅದಕ್ಕ ಹೇಳಾಕ ಬಂದೆ.”

ನನಗೆ ಗೊತ್ತಿರಲಿಲ್ಲ. ಕಸ್ತೂರಿಗೆ ಆರು ವರ್ಷವಿದ್ದಾಗ ಅವಳ ತಾಯಿ ತೀರಿಕೊಂಡಳು. ಅಂದಿನಿಂದ ತಲೆ ಬಾಚಿಕೊಳ್ಳುವುದು, ಬಟ್ಟೆ ಒಗೆಯುವುದು, ರೊಟ್ಟಿ ತಟ್ಟುವುದು, ಎಲ್ಲವನ್ನೂ ಒಂದೊಂದಾಗಿ ತಾನೇ ಕಲಿತಳು. ನಾನು ಬೆಳಗ್ಗೆ ಎದ್ದರೆ ಗಿರಣಿ, ಸಂಜೆ ಮೈಮೇಲಿನ ಹಿಟ್ಟು ಕೊಡವಿಕೊಂಡು ಮನೆ. ಮಗಳು ಕಣ್ಣೆದುರೇ ಇದ್ದಾಳೆ ಎಂಬ ಧೈರ್ಯದಲ್ಲಿ ಅವಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಮರುದಿನ ಸಂಜೆ ಅವಳು ಶಾಲೆಯಿಂದ ಬರುವಾಗ ನೋಡಿದೆ. ಅಂಗಿಯ ತೋಳು ಮೊಣಕೈ ಬಿಟ್ಟು ಮೇಲೆ ಸರಿದಿತ್ತು. ಲಂಗ ಮೊಣಕಾಲು ಮುಟ್ಟುತ್ತಿರಲಿಲ್ಲ. ಬೆನ್ನಿಗಿರಬೇಕಾದ ಪಾಟೀಚೀಲವನ್ನು ಎದೆಗೆ ಅವಚಿಕೊಂಡು, ಭುಜಗಳನ್ನು ಒಳಕ್ಕೆ ಮಡಚಿಕೊಂಡು, ಗೋಡೆಗುಂಟ ನಡೆದು ಬಂದಳು. ಬೀದಿಯಲ್ಲಿ ಎಷ್ಟು ಕಡಿಮೆ ಜಾಗ ಹಿಡಿಯಲು ಸಾಧ್ಯವೋ ಅಷ್ಟೇ ಹಿಡಿದು ನಡೆಯುತ್ತಿದ್ದಳು.

ಬೇರೆ ಊರಾಗಿದ್ದರೆ ನಾಲ್ಕು ಮೊಳ ಬಟ್ಟೆ ತಂದು ಏಕನಾಥನ ಕೈಗೆ ಕೊಟ್ಟರೆ ಮುಗಿಯುತ್ತಿತ್ತು. ನಮ್ಮ ಊರಲ್ಲಿ ಹಾಗಾಗುವುದಿಲ್ಲ. ನಮ್ಮ ಶಾಲೆ ಇರುವುದು ಆನೆಬಂಡೆಯ ಅಡಿಯಲ್ಲಿ. ಬಂಡೆಯ ತುಂಬ ಹೆಜ್ಜೇನಿನ ಹುಟ್ಟುಗಳು, ಒಂದರ ಪಕ್ಕ ಒಂದು, ಕಂಬಳಿ ಒಣಹಾಕಿದ ಹಾಗೆ. ಜೂನ್ ತಿಂಗಳ ಮೊದಲ ಒಂಬತ್ತು ದಿನ ಮಕ್ಕಳ ಹೊಸ ಯೂನಿಫಾರ್ಮುಗಳನ್ನು ಶಾಲೆಯ ಅಂಗಳದ ಹಗ್ಗದ ಮೇಲೆ ಹಾಕುತ್ತಾರೆ. ಹುಳಗಳು ಇಳಿದು ಬಂದು ಕಾಲರು, ಜೇಬು, ಗುಂಡಿ ಎಲ್ಲವನ್ನೂ ಸುತ್ತಾಡಿ ಹೋಗುತ್ತವೆ. ಹತ್ತನೆಯ ದಿನ ಮಕ್ಕಳು ಅವನ್ನು ಹಾಕಿಕೊಂಡು ಒಳಗೆ ಹೋಗುತ್ತಾರೆ. ಆಮೇಲೆ ಯುಗಾದಿಯವರೆಗೆ ಏನೂ ತಂಟೆಯಿಲ್ಲ. ಆ ಹಗ್ಗದ ಮೇಲೆ ತೂಗದ ಬಟ್ಟೆ ಅಂಗಳಕ್ಕೆ ಕಾಲಿಡುವ ಹಾಗಿಲ್ಲ. ಹಗ್ಗದಲ್ಲಿ ಜಾಗ ಇರುವುದೇ ಅಷ್ಟು. ಒಂದು ಮಗುವಿಗೆ ಒಂದೇ ಜೊತೆ. ರವಿವಾರ ಬರಿಯ ನೀರಿನಲ್ಲಿ ಜಾಲಿಸಿ ಒಣಗಿಸಬೇಕು, ಸಾಬೂನು ತಾಗಿಸಬಾರದು. ಪಾಠ ಹೇಳುವ ಅಕ್ಕೋರೂ ವರ್ಷವಿಡೀ ಒಂದೇ ಸೀರೆ ಉಡುತ್ತಾರೆ. ತಂದೆತಾಯಿಗಳು ಅಂಗಳದ ಅಂಚಿನ ಗಡಿಗಲ್ಲಿನ ತನಕ ಮಾತ್ರ. ಸಾಹೇಬರು ತಪಾಸಣೆಗೆ ಬಂದರೆ ಹೊರಗಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿ, ಮಕ್ಕಳನ್ನೇ ಸಾಲಾಗಿ ಅವರಲ್ಲಿಗೆ ಕರೆತರುತ್ತಾರೆ. ಸಾಹೇಬರಿಗೂ ಇದು ರೂಢಿಯಾಗಿದೆ.

ಆ ವರ್ಷ ಕಸ್ತೂರಿ ಏಳನೆಯ ಇಯತ್ತೆ. ಯುಗಾದಿಯ ಹೊತ್ತಿಗೆ ಪಬ್ಲಿಕ್ ಪರೀಕ್ಷೆ. ಪಾಸಾದವರಿಗೆ ಹೊಳೆಯಾಚೆಯ ಹೈಸ್ಕೂಲು, ಆಗದವರಿಗೆ ಮನೆ. ಇನ್ನೂ ಹತ್ತು ವಾರ ಉಳಿದಿದ್ದವು.

“ಏಕನಾಥ ಮಾಮಾ ಹೇಳಿದನೇನು,” ಎಂದು ಅವಳೇ ಕೇಳಿದಳು, ನನ್ನ ತಾಟಿಗೆ ರೊಟ್ಟಿ ಹಾಕುತ್ತ. “ಹತ್ತ ವಾರ ಅಷ್ಟ ಅಪ್ಪ. ನಡಿತೈತಿ.”

“ಬಿಗಿಯಾಗೂದಿಲ್ಲೇನು?”

“ಉಸರ ಸಣ್ಣಗ ತಗೊಂಡ್ರ ಏನಾಗೂದಿಲ್ಲ.”

ನಡೆಯುತ್ತದೆ ಎಂದು ನಾನೂ ಅಂದುಕೊಂಡೆ. ಹಾಗೆ ಅಂದುಕೊಂಡರೆ ನಾನು ಮಾಡಬೇಕಾದದ್ದು ಏನೂ ಉಳಿಯುತ್ತಿರಲಿಲ್ಲ.

ಎರಡು ವಾರದ ಮೇಲೆ ಶಾಲೆಯಿಂದ ಚೀಟಿ ಬಂತು. ದೊಡ್ಡ ಅಕ್ಕೋರು ಇಂದುಮತಿಯವರು ಗಡಿಗಲ್ಲಿಗೆ ಬಂದು ಕಾಣಲು ಹೇಳಿದ್ದರು. ಅವರು ಕಲ್ಲಿನ ಆಚೆ ನಿಂತರು, ನಾನು ಈಚೆ. ಮಕ್ಕಳು ಅಂಗಳದಲ್ಲಿ ಖೋಖೋ ಆಡುತ್ತಿದ್ದರು. ಕಸ್ತೂರಿ ಒಬ್ಬಳೇ ಜಗುಲಿಯ ಕಂಬಕ್ಕೆ ಬೆನ್ನು ಒತ್ತಿ ನಿಂತಿದ್ದಳು.

“ನಿಮ್ಮ ಹುಡುಗಿ ಕೈ ಎತ್ತೂದ ಬಿಟ್ಟಾಳ್ರಿ,” ಎಂದರು ಅಕ್ಕೋರು. “ಮೊದಲ ನಾ ಪ್ರಶ್ನಿ ಮುಗಸೂದರೊಳಗ ಎತ್ತತಿದ್ಲು. ಈಗ ಉತ್ತರ ಬಂದರೂ ಕುಂತಿರ್ತಾಳ. ಕೈ ಎತ್ತಿದರ ಬಗಲಾಗ ಹರಿತೈತಿ ಅಂತ ಅಂಜಿಕಿ. ನಿನ್ನೆ ಬೋರ್ಡಿನ ಮ್ಯಾಲ ಲೆಕ್ಕ ಬಿಡಸಾಕ ಕರದ್ನಿ. ಬರಲಿಲ್ಲ. ಮೂರು ಹುಡುಗ್ಯಾರು ನಕ್ಕರು.”

“ಹೊಸಾದು ಹೊಲಿಸಿದರ?”

ಅಕ್ಕೋರು ಬಂಡೆಯ ಕಡೆ ನೋಡಿದರು. “ಆರು ವರ್ಷದ ಹಿಂದ ಕುಂಬಾರರ ಹುಡುಗಿ ಅಂಗಿಗೆ ಒಲಿ ಕಿಡಿ ಬಿದ್ದು ಸುಟ್ಟಿತ್ತು. ಇದ ಮಾಘದಾಗ. ಹೊಸಾದು ಹೊಲಿಸಿ ಒಂಬತ್ತ ದಿನ ಹಗ್ಗಕ್ಕ ಹಾಕಿದ್ವಿ. ಬಿಟ್ಟುವು, ಏನೂ ಮಾಡಲಿಲ್ಲ. ಅದನ್ನ ನಂಬಿ ಮುಂದಿನ ವರ್ಷ ಬಡಿಗ್ಯಾರ ಹುಡುಗಗೂ ಹಂಗ ಮಾಡಿದ್ವಿ. ಅವನ ಒಂದು ಕಣ್ಣು ಇವತ್ತಿಗೂ ಪೂರಾ ತೆರಿಯೂದಿಲ್ಲ. ಜೂನದಾಗ ಹುಳ ಹೊಸದಾಗಿ ಬಂದಿರ್ತಾವ, ಎಲ್ಲಾ ನೋಡಿ ತಿಳಕೊಂತಾವ. ಈಗ ಹುಟ್ಟಿನಾಗ ತುಪ್ಪ ತುಂಬೇತಿ, ಮರಿ ಅದಾವ. ಈಗ ಅವಕ್ಕ ಹೊಸಾದು ಬ್ಯಾಡ. ನಾ ಹೊಲಸರಿ ಅನ್ನೂದಿಲ್ಲ, ಬ್ಯಾಡ್ರಿ ಅಂತನೂ ಅನ್ನೂದಿಲ್ಲ.”

ಹಿಂದಿರುಗುವಾಗ ಬಟ್ಟೆ ಅಂಗಡಿಗೆ ಹೋಗಿ ಆಕಾಶಬಣ್ಣದ್ದೂ ಕಡುನೀಲಿಯದೂ ಅಳತೆಗೆ ತಕ್ಕಷ್ಟು ಕತ್ತರಿಸಿಕೊಂಡು ಬಂದೆ. ಏಕನಾಥನಿಗೆ ಕೊಡಲಿಲ್ಲ. ಟ್ರಂಕಿನಲ್ಲಿಟ್ಟು ಮುಚ್ಚಿದೆ. ಬೆಳಗ್ಗೆ ಎದ್ದಾಗ ಕೊಡೋಣ ಅನ್ನಿಸುತ್ತಿತ್ತು. ಮಗಳು ಹೊರಟು ನಿಂತಾಗ ಬಂಡೆಯ ನೆನಪಾಗಿ ಬೇಡ ಅನ್ನಿಸುತ್ತಿತ್ತು. ಹೀಗೇ ಶಿವರಾತ್ರಿ ಕಳೆಯಿತು.

ಶಿವರಾತ್ರಿಯ ಮರುದಿನ ಕಸ್ತೂರಿ ಗಿರಣಿಗೆ ನನ್ನ ಬುತ್ತಿ ತಂದಳು. ಆಗ ಅಲ್ಲಿ ತಂಗೆವ್ವ ಇದ್ದಳು. ತಂಗೆವ್ವನ ಮನೆ ಗಿರಣಿಯ ಹಿಂದಿನ ಓಣಿಯಲ್ಲಿ. ಅವಳ ಮಗಳು ನೀಲಾ ನನ್ನ ಮಗಳ ತರಗತಿಯವಳೇ, ತರಗತಿಗೆಲ್ಲ ಎತ್ತರದ ಹುಡುಗಿ. ದೀಪಾವಳಿಯಲ್ಲಿ ಕೀಲುಬೇನೆಯೆಂದು ಮಲಗಿದವಳು ಎದ್ದಿರಲಿಲ್ಲ. ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಬಿಸಿಲು ಬಲಿತ ಮೇಲೆ ಗುಣವಾಗಬಹುದು ಎಂದು ಡಾಕ್ಟರು ಹೇಳಿದ್ದರು. ಎರಡು ದಿನಕ್ಕೊಮ್ಮೆ ಒಂದು ಸೇರು ಅಕ್ಕಿ ತಂದು, ಗಂಜಿಗೆ ನುಚ್ಚು ಒಡೆಸಿಕೊಂಡು ಹೋಗುತ್ತಿದ್ದಳು ತಂಗೆವ್ವ. ಕಸ್ತೂರಿ ಬುತ್ತಿಯನ್ನು ಕಟ್ಟೆಯ ಮೇಲಿಟ್ಟವಳು ಹಾಗೇ ಗೋಡೆಗೆ ಕೈ ಚಾಚಿದಳು. ಗೋಡೆಯೂ ಕೈಗೆ ಸಿಗಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ತಂಗೆವ್ವ ಅಕ್ಕಿಯ ಡಬ್ಬಿ ಬಿಟ್ಟು ಅವಳನ್ನು ಹಿಡಿದುಕೊಂಡಿದ್ದಳು.

ನೀರು ಚಿಮುಕಿಸಿದೆವು. ತಂಗೆವ್ವ ಬೆನ್ನ ಹಿಂದಿನ ಗುಂಡಿಗಳನ್ನು ಬಿಚ್ಚಿ, ತನ್ನ ಸೆರಗು ಹೊದಿಸಿ, ಹುಡುಗಿಯ ಪಕ್ಕೆಯ ಮೇಲೆ ಕೈಯಾಡಿಸಿದಳು. ಅವಳ ಮುಖ ಬದಲಾಯಿತು.

“ಈಕಿ ಉಣ್ಣಾಕತ್ತಿಲ್ಲ, ಗುರುಪಾದಪ್ಪ. ಎಲಬು ಕೈಗೆ ಹತ್ತತಾವ. ಬ್ಯಾನಿ ಬಂದ ನನ್ನ ಮಗಳಿಗೂ ಈಕಿಗೂ ಏನ ಫರಕ?”

“ಉಣ್ತಾಳಲ್ಲ,” ಎಂದೆ. “ನನ್ನ ಮುಂದನ ಕುಂದರ್ತಾಳ.”

ಕಸ್ತೂರಿ ಕಣ್ಣು ಮುಚ್ಚಿಕೊಂಡೇ ಹೇಳಿದಳು. “ಅರ್ಧಾ ರೊಟ್ಟಿ ಉಣ್ತೀನಿ. ಇನ್ನರ್ಧ ಎಮ್ಮಿಗೆ ಹಾಕ್ತೀನಿ. ಉಂಡ್ರ ಬೆಳಿತೀನಿ ಅಪ್ಪ. ಪರೀಕ್ಷಿ ಮುಗಿಯೂತನಕ ಬೆಳಿಬಾರದು.”

ಸಂಕ್ರಾಂತಿಯಿಂದ ಹಾಗೆ ಮಾಡುತ್ತಿದ್ದಳಂತೆ. ಐದು ವಾರ. ಅಷ್ಟು ದಿನವೂ ನಾನು ಎದುರಿಗೆ ಕುಳಿತು ನನ್ನ ತಾಟು ನೋಡಿಕೊಂಡು ಉಂಡಿದ್ದೆ. ತಂಗೆವ್ವ ನನ್ನತ್ತ ನೋಡಲಿಲ್ಲ. ನೋಡಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ನೆಲಕ್ಕೆ ಚೆಲ್ಲಿದ್ದ ಅಕ್ಕಿಯನ್ನು ಆರಿಸಿ ತುಂಬುತ್ತ ಕುಳಿತಿದ್ದಾಗ ನನಗೊಂದು ಯೋಚನೆ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ನೀಲಾಳ ಯೂನಿಫಾರ್ಮು ಇತ್ತಲ್ಲ. ಜೂನಿನಲ್ಲಿ ಹಗ್ಗದ ಮೇಲೆ ತೂಗಿದ್ದು, ಹುಳಗಳು ಮೂಸಿ ನೋಡಿದ್ದು, ಉದ್ದನೆಯ ಹುಡುಗಿಗೆಂದು ಧಾರಾಳವಾಗಿ ಹೊಲಿದದ್ದು. ನಾಲ್ಕು ತಿಂಗಳಿಂದ ಯಾರೂ ತೊಡದೆ ಇತ್ತು. ಇಡೀ ಊರಲ್ಲಿ ಅಂಥದು ಒಂದೇ. ಆದರೆ ತಂಗೆವ್ವ ಅದನ್ನು ಹೇಗೆ ಕಾಪಾಡುತ್ತಿದ್ದಾಳೆ ಎಂಬುದು ಓಣಿಗೆಲ್ಲ ಗೊತ್ತಿತ್ತು. ಪ್ರತಿ ರವಿವಾರ ಅದನ್ನು ನೀರಲ್ಲಿ ಜಾಲಿಸಿ ಮಾಳಿಗೆಯ ಮೇಲೆ, ಆನೆಬಂಡೆಗೆ ಮುಖ ಮಾಡಿ, ಹಗ್ಗಕ್ಕೆ ಹಾಕುತ್ತಿದ್ದಳು. ಹುಳಗಳಿಗೆ ಮರೆತು ಹೋಗಬಾರದೆಂದು. ಐದಾರು ಹುಳಗಳು ಬಂದು ಕಾಲರಿನ ಮೇಲೆ ಕುಳಿತು ಹೋಗುವ ತನಕ ಅವಳು ಕೆಳಗಿಳಿಯುತ್ತಿರಲಿಲ್ಲ. ಆಮೇಲೆ ಇಸ್ತ್ರಿ ಮಾಡಿ, ಮಡಚಿ, ಸೋಮವಾರ ಬೆಳಗ್ಗೆ ಮಗಳ ತಲೆದಿಂಬಿನ ಪಕ್ಕ ಇಡುತ್ತಿದ್ದಳು.

ಮುಂದಿನ ರವಿವಾರ ನುಚ್ಚಿನ ಚೀಲ ಹಿಡಿದುಕೊಂಡು ಅವಳ ಮನೆಗೆ ಹೋದೆ. ಅವಳು ಮಾಳಿಗೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಒಳಗಿನ ಕೋಣೆಯಲ್ಲಿ ನೀಲಾ ಮಲಗಿದ್ದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ನುಚ್ಚನ್ನು ಕೆಳಗಿಟ್ಟೆ. ಹುಡುಗಿ ಹೇಗಿದ್ದಾಳೆ ಎಂದು ಕೇಳಿದೆ. ಹಾಗೇ ಇದ್ದಾಳೆ ಎಂದಳು. ಬಿಸಿಲು ಜಾಸ್ತಿಯಾಯಿತು ಎಂದೆ. ಹೌದು ಎಂದಳು.

“ನೀ ಯಾಕ ಬಂದಿ ಗೊತ್ತೈತಿ,” ಎಂದಳು ತಂಗೆವ್ವ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ನಿನ್ನ ಮಗಳು ನನ್ನ ತೊಡಿ ಮ್ಯಾಲ ಮಲಗಿದ್ಲಲ್ಲ, ಆವತ್ತ ನನಗೂ ಅದ ನೆನಪಾತು. ಕೇಳಬ್ಯಾಡ. ಕೇಳಿದ್ರ ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲ. ಕೊಟ್ಟನಿ ಅಂದ್ರ ಈ ವರ್ಷ ನೀ ಏಳೂದಿಲ್ಲ ಅಂತ ನನ್ನ ಮಗಳಿಗೆ ನಾನ ಹೇಳಿದಂಗ. ಅದಕ್ಕ ಕೇಳಬ್ಯಾಡ.”

ನಾನು ಕೇಳಲಿಲ್ಲ. ಮನೆಗೆ ಬಂದು ಟ್ರಂಕು ತೆಗೆದು, ಬಟ್ಟೆಯನ್ನು ಏಕನಾಥನಿಗೆ ಕೊಟ್ಟೆ.

ಅವನು ಎರಡು ದಿನದಲ್ಲಿ ಹೊಲಿದುಕೊಟ್ಟ. ಇಂದುಮತಿ ಅಕ್ಕೋರು ಗಡಿಗಲ್ಲಿನ ತನಕ ಬಂದು ಬಿದಿರಿನ ಕೋಲಿನ ತುದಿಗೆ ಸಿಕ್ಕಿಸಿಕೊಂಡು ಅದನ್ನು ಒಯ್ದರು, ತಮ್ಮ ಮೈಗೆ ತಾಗದ ಹಾಗೆ. ಖಾಲಿ ಹಗ್ಗದ ನಡುವೆ ಅದೊಂದೇ ತೂಗಿತು. ಆ ಒಂಬತ್ತು ದಿನ ಕಸ್ತೂರಿಯನ್ನು ಶಾಲೆಗೆ ಕಳಿಸಲಿಲ್ಲ. ಹಳೆಯದನ್ನು ಮತ್ತೆ ತೊಡಿಸಲು ನನಗೆ ಮನಸ್ಸು ಬರಲಿಲ್ಲ. ಎದುರಿಗೆ ಕೂರಿಸಿಕೊಂಡು, ಅವಳ ತಾಟು ನೋಡುತ್ತ, ಪೂರ್ತಿ ಊಟ ಮಾಡಿಸಿದೆ. ನನಗೆ ಬಡಿಗ್ಯಾರ ಹುಡುಗನ ಕಣ್ಣು ನೆನಪಾಗುತ್ತಿತ್ತು.

ದಿನಾ ಮಧ್ಯಾಹ್ನ ಗಿರಣಿ ನಿಲ್ಲಿಸಿ ಗಡಿಗಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ಮೊದಲ ಮೂರು ದಿನ ಹುಳಗಳು ಆ ಬಟ್ಟೆಯ ಹತ್ತಿರವೇ ಬರಲಿಲ್ಲ. ನಾಲ್ಕನೆಯ ದಿನ ಬಂದವು, ಆದರೆ ಕೂರಲಿಲ್ಲ. ಒಂದು ಮೊಳ ದೂರದಲ್ಲಿ ಗುಂಯ್ಗುಡುತ್ತ ನಿಂತು ವಾಪಸು ಹೋದವು. ಏಳನೆಯ ದಿನ ಗಾಳಿಗೆ ತೋಳು ಅಲ್ಲಾಡಿದಾಗ ಒಂದು ಹಿಂಡು ಬಂದು ಅದಕ್ಕೆ ಹಾಯಿತು. ಅಕ್ಕೋರು ಮಕ್ಕಳನ್ನೆಲ್ಲ ಒಳಗೆ ಕರೆದುಕೊಂಡು ಬಾಗಿಲು ಹಾಕಿದರು. ಒಂಬತ್ತನೆಯ ದಿನ ಸಂಜೆ ನಾನು ಹೋದಾಗ ಅಂಗಳ ಶಾಂತವಾಗಿತ್ತು. ಒಂದು ಹುಳ ಲಂಗದ ಅಂಚಿನ ಮೇಲೆ ಕುಳಿತಿತ್ತು. ಒಂದೇ ಒಂದು.

“ಅದು ಚಲೋ ಲಕ್ಷಣವೋ ಕೆಟ್ಟದ್ದೋ ನನಗೂ ತಿಳಿಯೂದಿಲ್ರಿ,” ಎಂದರು ಅಕ್ಕೋರು. “ನಾಳೆ ಕಳಸೂದು ಬಿಡೂದು ನಿಮಗ ಸೇರಿದ್ದು. ಕಳಸಿದ್ರ ನಾ ಬಾಗಲದಾಗ ಕಂಬಳಿ ಹಿಡಕೊಂಡು ನಿಂತಿರ್ತೀನಿ.”

ಮನೆಗೆ ಬಂದರೆ ಕಸ್ತೂರಿ ಇರಲಿಲ್ಲ. ಒಲೆಯ ಮೇಲೆ ಸಾರು ಇತ್ತು, ಬಾಗಿಲು ತೆರೆದೇ ಇತ್ತು. ಎದುರು ಮನೆಯವರು, ನೀಲಾ ಕರೆಸಿಕೊಂಡಳು, ಆಗಲೇ ಹೋದಳು, ಎಂದರು. ನಾನು ಓಣಿಗೆ ಓಡಿದೆ.

ತಂಗೆವ್ವನ ಮನೆಯ ಕಟ್ಟೆಯ ಮೇಲೇ ನಿಂತುಬಿಟ್ಟೆ. ಒಳಗೆ ಹುಡುಗಿಯರ ಮಾತು ಕೇಳುತ್ತಿತ್ತು. ನೀಲಾಳ ಧ್ವನಿ ತೆಳ್ಳಗಾಗಿತ್ತು, ಆದರೆ ತಡವರಿಸುತ್ತಿರಲಿಲ್ಲ.

“ಅವ್ವ, ಆವತ್ತ ಕಾಕಾ ಬಂದಾಗ ನನಗ ನಿದ್ದಿ ಹತ್ತಿರಲಿಲ್ಲ. ಎಲ್ಲಾ ಕೇಳ್ಯೇನಿ. ನನ್ನ ಅಂಗಿ ತಗಿ.”

“ಸುಮ್ಮ ಮಲಕೋ.”

“ನಾಳೆ ಆ ಹೊಸಾ ಅಂಗಿ ಹಾಕ್ಕೊಂಡು ಈಕಿ ಹೋಗ್ತಾಳ. ಈಕಿಗೆ ಏನರ ಆತಂದ್ರ ನನ್ನ ಅಂಗೀನ ದಿಂಬಿನ ಬಾಜೂಕ ಇಡಬ್ಯಾಡ. ನಾ ಮುಟ್ಟೂದಿಲ್ಲ ಅದನ್ನ.”

“ನನಗ ಬ್ಯಾಡ,” ಎಂದಿತು ನನ್ನ ಮಗಳ ಧ್ವನಿ. “ಅದು ನಿಂದು. ನೀ ಬರಾಕ ಬೇಕಲ್ಲ.”

“ಹಂಗಾರ ಮೊದಲ ನಾನ ಹಾಕ್ಕೊಂತೀನಿ. ಅವ್ವ, ತಗಿ.”

ಟ್ರಂಕಿನ ಮುಚ್ಚಳದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಕೊನೆಗೆ ತಂಗೆವ್ವ ಹೊರಗೆ ಬಂದು, ನನ್ನನ್ನು ಅಲ್ಲಿ ಕಂಡದ್ದಕ್ಕೆ ಆಶ್ಚರ್ಯವನ್ನೇ ಪಡದೆ, “ಬಾ, ನೋಡ ಬಾ,” ಎಂದಳು.

ನೀಲಾ ಹಾಸಿಗೆಯ ಅಂಚಿಗೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಮೈಮೇಲೆ ಯೂನಿಫಾರ್ಮು. ಅಂಗಿಯ ಭುಜದ ಹೊಲಿಗೆ ಅವಳ ತೋಳಿನ ಅರ್ಧಕ್ಕೆ ಜಾರಿತ್ತು. ತೋಳಿನ ತುದಿ ಮೊಣಕೈ ದಾಟಿ ಕೆಳಗೆ ಇಳಿದಿತ್ತು. ಕಾಲರಿನೊಳಗೆ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಜಾಗವಿತ್ತು. ನಾಲ್ಕು ತಿಂಗಳು ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ತಂಗೆವ್ವ ಒಂದು ದಿನವೂ ಅದನ್ನು ಮಗಳ ಮೈಗೆ ಹಿಡಿದು ನೋಡಿರಲಿಲ್ಲ. ಈಗ ಅವಳು ಗೋಡೆಗೆ ಒರಗಿ, ಸೆರಗನ್ನು ಬಾಯಿಗೆ ಒತ್ತಿ ನಿಂತಿದ್ದಳು.

“ಹ್ಯಾಂಗೂ ನನಗ ಬರೂದಿಲ್ಲವ್ವ,” ಎಂದಳು ನೀಲಾ, ತಾಯಿಯನ್ನು ಸಮಾಧಾನ ಮಾಡುವವಳ ಹಾಗೆ. “ಇದನ್ನ ಹಾಕ್ಕೊಂಡು ನಾ ಎಲ್ಲಿ ಹೋಗಲಿ?”

ಕಸ್ತೂರಿ ಅವಳನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಎದ್ದು ಹೊರಗೆ ಓಡಿದಳು. ಎರಡು ನಿಮಿಷದಲ್ಲಿ ತನ್ನ ಹಳೆಯ ಯೂನಿಫಾರ್ಮು ಹಿಡಿದುಕೊಂಡು ಬಂದಳು, ಮೂರು ಸಲ ಬಿಚ್ಚಿ ಹೊಲಿದ ಗೆರೆಗಳಿದ್ದ ಅದನ್ನೇ. “ಇದನ್ನೂ ಹುಳ ಬಲ್ಲುವು,” ಎಂದಳು ಏದುಸಿರು ಬಿಡುತ್ತ. “ನೀ ಇದನ್ನ ಹಾಕ್ಕೋ.”

ನಾನು ಹೊರಗೆ ಬಂದೆ. ಮತ್ತೆ ಕರೆದಾಗ ಒಳಗೆ ಹೋದರೆ, ಅದು ನೀಲಾಳಿಗೆ ಉದ್ದಕ್ಕೆ ಮೋಟಾದರೂ ಮೈಗೆ ಹೇಳಿ ಹೊಲಿಸಿದ ಹಾಗೆ ಕೂತಿತ್ತು. ನೀಲಾಳದು ಕಸ್ತೂರಿಯ ಮೈಮೇಲೆ ಸಲೀಸಾಗಿತ್ತು. ನನ್ನ ಮಗಳು ಭುಜ ಹಿಂದಕ್ಕೆ ಬಿಟ್ಟು ನಿಂತದ್ದನ್ನು ಎಷ್ಟೋ ತಿಂಗಳ ಮೇಲೆ ನೋಡಿದೆ. ತಂಗೆವ್ವ ನೀಲಾಳ ಹತ್ತಿರ ಹೋಗಿ, ಕುಸಿದು ಕುಳಿತು, ಆ ಹಳೆಯ ಲಂಗದ ಅಂಚನ್ನು ಸುಮ್ಮನೆ ನೇರ ಮಾಡುತ್ತಿದ್ದಳು. ಅದು ನೇರವಾಗಿಯೇ ಇತ್ತು.

ಆದರೆ ಒಬ್ಬರ ಯೂನಿಫಾರ್ಮು ಇನ್ನೊಬ್ಬರು ತೊಟ್ಟು ಆ ಅಂಗಳಕ್ಕೆ ಹೋದದ್ದನ್ನು ನಮ್ಮ ಊರಲ್ಲಿ ಯಾರೂ ಕಂಡಿರಲಿಲ್ಲ. ಹುಳ ಬಟ್ಟೆಯನ್ನಷ್ಟೇ ಗುರುತಿಸುತ್ತದೋ, ಒಳಗಿನ ಮೈಯನ್ನೂ ಗುರುತಿಸುತ್ತದೋ, ಯಾರಿಗೆ ಗೊತ್ತು. ಹೊಸ ಅಂಗಿಯೇ ಇರಲಿ, ಇದೇ ಇರಲಿ, ಮರುದಿನ ಬೆಳಗ್ಗೆ ನನ್ನ ಮಗಳು ಬಂಡೆಯ ಕೆಳಗೆ ಒಬ್ಬಳೇ ನಡೆಯಬೇಕಿತ್ತು. “ಯಾವುದು ಹಾಕ್ಕೊಂತಿ,” ಎಂದು ಅವಳನ್ನೇ ಕೇಳಿದೆ. “ನೀಲಾಂದು,” ಎಂದಳು.

ಗಡಿಗಲ್ಲಿನಿಂದ ಶಾಲೆಯ ಬಾಗಿಲಿಗೆ ಎಪ್ಪತ್ತು ಹೆಜ್ಜೆ. ನಾವು ಹೋದಾಗ ತಂಗೆವ್ವ ಅಲ್ಲಿ ಮೊದಲೇ ಬಂದು ನಿಂತಿದ್ದಳು. ಬೇರೆ ಮಕ್ಕಳೆಲ್ಲ ಒಳಗೆ ಹೋಗಿದ್ದರು. ಅಕ್ಕೋರು ಕಂಬಳಿ ಹಿಡಿದು ಬಾಗಿಲಲ್ಲಿದ್ದರು. ಕಸ್ತೂರಿ ನನ್ನ ಕಡೆ ನೋಡದೆ ಕಲ್ಲು ದಾಟಿದಳು.

ಇಪ್ಪತ್ತು ಹೆಜ್ಜೆಯ ತನಕ ಏನೂ ಆಗಲಿಲ್ಲ. ಆಮೇಲೆ ಬಂಡೆಯ ಮೇಲಿನ ಒಂದು ಹುಟ್ಟು ಅಲುಗಿತು. ಅದರಿಂದ ಎಳೆಯೊಂದು ಬಿಚ್ಚಿಕೊಂಡಂತೆ ಹುಳಗಳು ಇಳಿದವು. ಸದ್ದು ನನಗೆ ಕೇಳುವ ಮೊದಲೇ ಅವಳಿಗೆ ಕೇಳಿರಬೇಕು, ಅವಳು ನಿಂತಳು. ಓಡಬಾರದೆಂದು ಒಂದನೆಯ ಇಯತ್ತೆಯಿಂದ ಕಲಿಸಿರುತ್ತಾರೆ. ಹುಳಗಳು ಅವಳ ಸುತ್ತ ಎರಡು ಸುತ್ತು ಹಾಕಿ ಭುಜದ ಮೇಲೆ ಕುಳಿತವು. ಬೆನ್ನಿನ ಮೇಲೆ ಕುಳಿತವು. ಜಡೆಯ ಮೇಲೆ, ಕಿವಿಯ ಪಕ್ಕದಲ್ಲಿ. ಅಂಗಿಯ ಆಕಾಶಬಣ್ಣ ಕಾಣದಷ್ಟು ಕುಳಿತವು. ನಾನು ಕಲ್ಲು ದಾಟಿದ್ದು ನನಗೆ ಗೊತ್ತಾಗಲಿಲ್ಲ. ಬೆನ್ನ ಹಿಂದಿನಿಂದ ತಂಗೆವ್ವ ನನ್ನ ಅಂಗಿ ಹಿಡಿದು ಎಳೆದಳು.

“ನೀ ಹೋದ್ರ ನಿನ್ನ ನೋಡಿ ಆಕಿನ್ನೂ ಕಡಿತಾವ. ನಿಂದರು.”

ಅವಳ ಮುಷ್ಟಿಯಲ್ಲಿ ನನ್ನ ಅಂಗಿ ಹಾಗೇ ಇತ್ತು. ಎಷ್ಟು ಹೊತ್ತು ಎಂದು ಹೇಳಲಾರೆ. ಕಸ್ತೂರಿಯ ಕುತ್ತಿಗೆಯ ಹಿಂದೆ ಬೆವರಿನ ಒಂದು ಗೆರೆ ಇಳಿಯುವುದು ಅಷ್ಟು ದೂರದಿಂದಲೂ ನನಗೆ ಕಂಡಿತು, ಅಥವಾ ಕಂಡಂತಾಯಿತು. ಮೊದಲು ಕಿವಿಯ ಪಕ್ಕದ ಹುಳ ಹಾರಿತು. ಆಮೇಲೆ ಜಡೆಯ ಮೇಲಿನವು. ಆಮೇಲೆ ಎಲ್ಲ ಒಮ್ಮೆಲೇ ಎದ್ದು, ಬಂದ ದಾರಿಯಲ್ಲೇ ಮೇಲೆ ಹೋಗಿ ಹುಟ್ಟಿಗೆ ಅಂಟಿಕೊಂಡವು. ಅವಳು ಇನ್ನೂ ಅಲ್ಲೇ ನಿಂತಿದ್ದಳು. ಅಕ್ಕೋರು ಬಾಗಿಲಿಂದ, “ಬಾ ಕಸ್ತೂರಿ, ಸಾವಕಾಶ ಬಾ,” ಎಂದರು. ಉಳಿದ ಹೆಜ್ಜೆಗಳನ್ನು ಅವಳು ನಡೆದಳು. ಬಾಗಿಲು ಮುಚ್ಚಿತು.

ತಂಗೆವ್ವ ನನ್ನ ಅಂಗಿ ಬಿಟ್ಟು ಕಲ್ಲಿನ ಪಕ್ಕ ನೆಲದ ಮೇಲೆ ಕುಳಿತಳು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

“ನನಗ ಉಪಕಾರದ ಮಾತ ಹೇಳಬ್ಯಾಡ,” ಎಂದಳು. “ಅವು ಆಕಿ ಮ್ಯಾಲ ಕುಂತಾಗ ನಾ ಏನ ಅಂದ್ಕೊಂಡ್ನಿ ಗೊತ್ತೈತೇನು? ಇದು ನೀಲಾ ಅಲ್ಲ ಅಂತ ಅವಕ್ಕ ಗೊತ್ತಾಗ್ಲಿ ಅಂದ್ಕೊಂಡ್ನಿ. ಒಂದ ಗಳಿಗಿ. ನಿನ್ನ ಮಗಳು ಅಲ್ಲಿ ನಿಂತಿದ್ಲು, ನಾ ಹಂಗಂದ್ಕೊಂಡ್ನಿ.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. “ಆದರ ನನ್ನ ಹಿಡಿದ್ಯಲ್ಲ,” ಎಂದೆ.

“ಅದನೂ ನಾನ ಮಾಡಿದ್ದು,” ಎಂದಳು. ಇಬ್ಬರೂ ಎದ್ದು ಊರ ಕಡೆ ನಡೆದೆವು.

ಅಂದಿನಿಂದ ಕಸ್ತೂರಿ ಶಾಲೆ ಬಿಟ್ಟ ಕೂಡಲೇ ನೀಲಾಳ ಮನೆಗೆ ಹೋಗುವುದು ರೂಢಿಯಾಯಿತು. ಆ ದಿನದ ಪಾಠವನ್ನೆಲ್ಲ ಹೇಳಿ, ಲೆಕ್ಕ ಬಿಡಿಸಿ ತೋರಿಸಿ, ಅಲ್ಲೇ ಉಂಡು ಬರುತ್ತಿದ್ದಳು. ಫಾಲ್ಗುಣದಲ್ಲಿ ಬಿಸಿಲು ಬಲಿಯಿತು. ನೀಲಾಳ ಜ್ವರ ಮೊದಲು ನಾಲ್ಕು ದಿನಕ್ಕೊಮ್ಮೆ ಆಯಿತು, ಆಮೇಲೆ ಬರಲಿಲ್ಲ. ಗೋಡೆ ಹಿಡಿದು ನಡೆದಳು. ಕೋಲು ಹಿಡಿದು ಕಟ್ಟೆಯ ತನಕ ಬಂದಳು. ಪರೀಕ್ಷೆಗೆ ಕುಳಿತುಕೊಳ್ಳುತ್ತೇನೆ ಎಂದಾಗ ಡಾಕ್ಟರು ಬೇಡವೆಂದರು. ತಂಗೆವ್ವನೇ ಕೊನೆಗೆ, “ಬರಿಯೂದ ಬಿಡು, ಹೋಗಿ ಕುಂತ ಬರಲಿ,” ಎಂದಳು.

ಪರೀಕ್ಷೆಯ ಮೊದಲ ದಿನ ಗಿರಣಿಯ ಕೈಗಾಡಿಗೆ ಕೌದಿ ಹಾಸಿ ನೀಲಾಳನ್ನು ಕೂರಿಸಿಕೊಂಡು ಹೋದೆವು. ಗಾಡಿ ಗಡಿಗಲ್ಲಿನ ಹತ್ತಿರ ನಿಂತಿತು. ಅಲ್ಲಿಂದ ಮುಂದೆ ಅವಳನ್ನು ಹಿಡಿದುಕೊಳ್ಳಲು ನಮ್ಮಲ್ಲಿ ಯಾರೂ ಹೋಗುವಂತಿರಲಿಲ್ಲ. ಕಸ್ತೂರಿ ಆಗಲೇ ಒಳಗಿದ್ದಳು. ನೀಲಾ ಕೋಲೂರಿ ಕಲ್ಲು ದಾಟಿದಳು. ಹತ್ತು ಹೆಜ್ಜೆ ನಡೆದು ನಿಂತಳು. ಮತ್ತೆ ಐದು ಹೆಜ್ಜೆ. ಕೋಲು ನಡುಗುತ್ತಿತ್ತು. ಮೇಲಿನ ಹುಟ್ಟಿನಿಂದ ನಾಲ್ಕಾರು ಹುಳಗಳು ಇಳಿದು ಬಂದು, ಅವಳ ತೋಳಿನ ಮೇಲಿನ ಹಳೆಯ ಹೊಲಿಗೆಯ ಗೆರೆಗುಂಟ ಓಡಾಡಿದವು. ಅವಳು ಅವುಗಳ ಕಡೆ ಲಕ್ಷ್ಯವನ್ನೇ ಕೊಡಲಿಲ್ಲ. ಅವಳಿಗೆ ಕಾಲಿನದೇ ಚಿಂತೆಯಾಗಿತ್ತು. ಆಗ ಶಾಲೆಯ ಬಾಗಿಲು ತೆರೆದು ಕಸ್ತೂರಿ ಹೊರಗೆ ಬಂದಳು. ಗಂಟೆ ಬಾರಿಸಿ ಆಗಿತ್ತು. ಅವಳು ನಡೆದು ಬಂದು ನೀಲಾಳ ಕೋಲನ್ನು ತಾನು ತೆಗೆದುಕೊಂಡು ತನ್ನ ತೋಳು ಕೊಟ್ಟಳು. ಒಬ್ಬಳ ಬಟ್ಟೆಯಲ್ಲಿ ಇನ್ನೊಬ್ಬಳು, ಇಬ್ಬರೂ ಒಳಗೆ ಹೋದರು.

ಆ ಮೂರು ಗಂಟೆ ನಾನು ಮತ್ತು ತಂಗೆವ್ವ ಬೇವಿನ ಮರದ ಕೆಳಗೆ ಕುಳಿತಿದ್ದೆವು. ಅವಳು ಒಮ್ಮೆ, ಗಿರಣಿ ತೆಗೆಯುವುದಿಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ. ಬಿಸಿಲು ಮರದ ನೆರಳನ್ನು ನಮ್ಮ ಕಡೆಯಿಂದ ಸರಿಸಿಕೊಂಡು ಹೋಯಿತು. ನಾವು ನೆರಳಿನ ಹಿಂದೆ ಎರಡು ಸಲ ಜಾಗ ಬದಲಿಸಿದೆವು.

ಗಂಟೆಯಾಗಿ ಮಕ್ಕಳು ಹೊರಬಿದ್ದರು. ಇಬ್ಬರೂ ಎಲ್ಲರಿಗಿಂತ ಕೊನೆಗೆ ಬಂದರು. ನೀಲಾಳ ಮುಖ ಬಿಳಿಚಿತ್ತು, ಬೆರಳಿಗೆ ಮಸಿ ಹತ್ತಿತ್ತು. ಕಸ್ತೂರಿ ಅವಳನ್ನು ಗಾಡಿಯ ಮೇಲೆ ಕೂರಿಸಿದಳು. ತಂಗೆವ್ವ ಮಗಳ ಹಣೆ ಮುಟ್ಟಿದಳು, ಕೈ ಮುಟ್ಟಿದಳು, ಹೇಗೆ ಬರೆದೆ ಎಂದು ಕೇಳಲಿಲ್ಲ.

“ನಾಕು ಪ್ರಶ್ನಿ ಬಿಟ್ಟೆ,” ಎಂದಳು ನೀಲಾ. “ಉಳಿದಾವು ಬರದ್ನಿ.” ಆಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, “ಅವ್ವ, ಹಸಿವ್ಯಾಗೇತಿ,” ಎಂದಳು.

ತಂಗೆವ್ವ ನನ್ನ ಮುಖ ನೋಡಿದಳು. ಗಂಜಿಯ ಬಟ್ಟಲು ಹಿಡಿದು ಆ ಹುಡುಗಿಯ ಹಿಂದೆ ತಿರುಗಿ ತಿರುಗಿ ಸಾಕಾಗಿದ್ದವಳು ಅವಳು. ಹೀಗೊಂದು ಮಾತು ಬಂದೀತೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ತಿನ್ನಲು ಒಂದು ಚೂರೂ ತಂದಿರಲಿಲ್ಲ. “ತಡಿ, ತಡಿ, ಬಂದೆ,” ಎಂದು ಅವಳು ಸೆರಗು ಸಿಕ್ಕಿಸಿಕೊಂಡು ಊರ ಕಡೆ ಓಡಿದಳು. ನಾನು ಗಾಡಿಯ ಹಿಡಿಕೆ ಎತ್ತಿ ಅವಳ ಹಿಂದೆ ಎಳೆದುಕೊಂಡು ಹೊರಟೆ. ಕಸ್ತೂರಿ ಗಾಡಿಯ ಹಿಂದಿನಿಂದ ನೂಕುತ್ತಿದ್ದಳು.